ವೇಸ್ಟ್ ಆಗದ ರ‍್ಯಾಂಕು

ಆ ವರ್ಷ ನಮ್ಮ ಮನೆಯಲ್ಲಿ ಅಮೆರಿಕದ ಯೂನಿವರ್ಸಿಟಿಗಳಿಗೆ ಹೆಸರು ಇರಲಿಲ್ಲ, ನಂಬರು ಇತ್ತು. "ಮೂರು ಆಗಲ್ಲ ಅಂತ ಹೇಳಿಬಿಡ್ತು ಕಣೇ", "ಹನ್ನೊಂದು ಇನ್ನೂ ಬಾಯಿ ಬಿಟ್ಟಿಲ್ಲ", "ಆರರ ಮೇಲೆ ನಂಗೆ ನಂಬಿಕೆ ಇದೆ" ಎಂದು ನನ್ನ ಗಂಡ, ಡಾಕ್ಟರು ಒಪ್ಪಿದ್ದ ಅರ್ಧ ಲೋಟ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಾ ಬೆಳಿಗ್ಗೆಯೇ ಶುರು ಮಾಡುತ್ತಿದ್ದರು. ಕೇಳಿಸಿಕೊಂಡವರು ಈ ಮನೆಯಲ್ಲಿ ಲಾಟರಿ ಟಿಕೆಟ್ ಮಾರುತ್ತಾರೆ ಎಂದುಕೊಳ್ಳಬೇಕು, ಹಾಗಿತ್ತು ಮಾತು. ನಂಬರು ಎಂದರೆ ರ‍್ಯಾಂಕಿಂಗಿನಲ್ಲಿ ಅದು ಎಷ್ಟನೆಯದು ಎಂಬುದು. ನಮ್ಮ ಒಬ್ಬಳೇ ಮಗಳು ಶಾಲೆಯ ಕೊನೆಯ ವರ್ಷದಲ್ಲಿದ್ದಳು, ಅಲ್ಲಿನ ಹಲವು ಕಡೆ ಅರ್ಜಿ ಹಾಕಿದ್ದಳು. ಅವಳು ಹೋಗುವುದು ಯಾವ ಊರಿಗೆ, ಅಲ್ಲಿ ಚಳಿ ಎಷ್ಟು, ಊಟಕ್ಕೆ ಏನು ಗತಿ ಎಂದು ನಾನು ಕೇಳಿದರೆ, "ಅದೆಲ್ಲ ಆಮೇಲೆ. ಮೊದಲು ನಂಬರ್ ನೋಡು" ಎನ್ನುತ್ತಿದ್ದರು.

ನಾವಿದ್ದದ್ದು ನೈರೋಬಿಯ ಸೌತ್ ಬಿಯಲ್ಲಿ. ಅವರು ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರ್ ಆಗಿದ್ದರು. ಮೈಸೂರಿನಿಂದ ಬಂದಾಗ ಮಗಳಿಗೆ ಇನ್ನೂ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ಇಲ್ಲೇ ಬೆಳೆದಳು. ಕನ್ನಡದಲ್ಲಿ ಬೈದರೆ ಅವಳಿಗೆ ಒಂದಕ್ಷರ ಬಿಡದೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅಡುಗೆ, ಕಾರು, ಜಗಳ, ಈ ಮೂರೂ ನನ್ನ ಖಾತೆ. ಕಾರು ನನ್ನ ಖಾತೆಗೆ ಬಂದದ್ದು ಅವರ ಕಿಡ್ನಿಗಳು ಕೈಕೊಟ್ಟ ಮೇಲೆ.

ವಾರಕ್ಕೆ ಮೂರು ಸಲ ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಹೃದಯ ಅಷ್ಟು ಗಟ್ಟಿಯಿಲ್ಲ, ಕಿಡ್ನಿ ಕಸಿಯ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸ್ಟೇಡಿಯಂ ಹತ್ತಿರದ ರೌಂಡ್‌ಅಬೌಟ್‌ನಲ್ಲಿ ಮಟಾಟು ವ್ಯಾನುಗಳ ನಡುವೆ ಸಿಕ್ಕಿಕೊಂಡು ನಿಂತಾಗಲೆಲ್ಲ, ಅಲ್ಲಿನ ಜಾಲಿಮರಗಳ ತುದಿಯಲ್ಲಿ ಬೋಳುತಲೆಯ ದೊಡ್ಡ ಕೊಕ್ಕರೆಗಳು ಕುತ್ತಿಗೆ ಒಳಗೆಳೆದುಕೊಂಡು ಕೂತಿರುವುದು ಕಾಣುತ್ತಿತ್ತು. ಕಸದ ರಾಶಿಯಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದು ನಮ್ಮ ಕಾರನ್ನೇ ನೋಡುತ್ತಾ ಕೂರುವ ಆ ಹಕ್ಕಿಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಪಕ್ಕದ ಸೀಟಿನಲ್ಲಿದ್ದವರಿಗೆ ಅದ್ಯಾವುದೂ ಬೇಕಿರಲಿಲ್ಲ. ಅವರು ಫೋನಿನಲ್ಲಿ ನಾಲ್ಕು ಯಾಕೆ ಐದಾಯಿತು, ಐದು ಯಾಕೆ ನಾಲ್ಕಾಯಿತು ಎಂದು ಓದುತ್ತಿದ್ದರು.

ಆಸ್ಪತ್ರೆಯಲ್ಲೂ ಅದೇ. ಎಡಗೈಗೆ ಸೂಜಿ ಚುಚ್ಚಿ ನಳಿಕೆ ಸಿಕ್ಕಿಸಿದ ಮೇಲೆ ಬಲಗೈ ಒಂದೇ ಬಿಡುವಾಗಿರುತ್ತಿತ್ತು. ಆ ಕೈಯಲ್ಲಿ ಫೋನು. ರಕ್ತ ಮೆಷಿನ್ನಿನೊಳಗೆ ಹೋಗಿ ಬರುತ್ತಿರುವಷ್ಟು ಹೊತ್ತೂ ಅವರು ಅಮೆರಿಕದ ಯೂನಿವರ್ಸಿಟಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಅಳೆಯುತ್ತಿದ್ದರು. ಪಟ್ಟಿಗಳೂ ಒಂದೆರಡಲ್ಲ. ಅಮೆರಿಕದವರದು ಒಂದು, ಬ್ರಿಟನ್ನಿನವರು ಇಡೀ ಲೋಕಕ್ಕೆ ಮಾಡಿದ್ದು ಇನ್ನೊಂದು, ವಿಷಯವಾರು ಮತ್ತೊಂದು. ಅಮೆರಿಕದವರ ಪಟ್ಟಿಯಲ್ಲಿ ಆರನೆಯದಾಗಿದ್ದು ಬ್ರಿಟನ್ನಿನವರಲ್ಲಿ ಎಲ್ಲೋ ಕೆಳಗೆ ಬಿದ್ದಿರುತ್ತಿತ್ತು. ಆಗ ನನ್ನ ಗಂಡ, ಕಾರ್ಖಾನೆಯಲ್ಲಿ ಮಾತ್ರೆಯ ಬ್ಯಾಚನ್ನು ತಳ್ಳಿಹಾಕುವ ಧಾಟಿಯಲ್ಲೇ, "ಇವರ ಮೆಥಡ್ಡೇ ಸರಿ ಇಲ್ಲ" ಎಂದು ಇಡೀ ಪಟ್ಟಿಯನ್ನೇ ತಳ್ಳಿಹಾಕುತ್ತಿದ್ದರು. ಬಾಯಾರಿಕೆಗೆ ನೀರು ಕೊಡುವಂತಿರಲಿಲ್ಲ. ನಾನು ಕೊಟ್ಟ ಐಸ್ ತುಂಡನ್ನು ದವಡೆಯಲ್ಲಿಟ್ಟುಕೊಂಡೇ ವಾದ ಮಾಡುತ್ತಿದ್ದರು.

ಅವರಿಗೆ ಈ ಹುಚ್ಚು ಹಿಡಿದದ್ದು ಅಮೆರಿಕದಿಂದಲ್ಲ, ಬೆಂಗಳೂರಿನಿಂದ. ಸಿಇಟಿ ಶುರುವಾದ ಹೊಸತರಲ್ಲಿ ಅವರು ಸೀಟು ಆರಿಸಿಕೊಳ್ಳಲು ತಂದೆಯ ಜೊತೆ ಕೌನ್ಸೆಲಿಂಗ್ ಹಾಲಿಗೆ ಹೋಗಿದ್ದರು. ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಎಂದು ಪರದೆಯ ಮೇಲೆ ಕಾಣುತ್ತಿತ್ತಂತೆ. ನೋಡನೋಡುತ್ತಿದ್ದಂತೆ ಎರಡಿದ್ದದ್ದು ಒಂದಾಗಿ, ಒಂದಿದ್ದದ್ದು ಸೊನ್ನೆಯಾಗುತ್ತಿತ್ತಂತೆ. ಇವರಿಗಿಂತ ಮುಂದೆ ಇದ್ದ ಹುಡುಗನೊಬ್ಬ, ಎಲ್ಲಕ್ಕಿಂತ ಮೇಲಿನ ಕಾಲೇಜು ಸಿಗುವಂಥ ರ‍್ಯಾಂಕು ಇದ್ದೂ, ಅಮ್ಮನಿಗೆ ಹುಷಾರಿಲ್ಲವೆಂದು ಊರಿನ ಕಾಲೇಜನ್ನೇ ತೆಗೆದುಕೊಂಡ. ಹಾಲಿನಲ್ಲಿ ಕೂತಿದ್ದ ಅಪ್ಪಂದಿರೆಲ್ಲ ಒಂದೇ ಉಸಿರಿನಲ್ಲಿ "ಅಯ್ಯೋ, ರ‍್ಯಾಂಕ್ ವೇಸ್ಟ್" ಎಂದರಂತೆ. ನನ್ನ ಮಾವನವರು ಬದುಕಿರುವವರೆಗೂ ಆ ಹುಡುಗನ ಕಥೆ ಹೇಳಿ ಲೊಚಗುಟ್ಟುತ್ತಿದ್ದರು. ಆ ಹುಡುಗನ ತಾಯಿ ಏನಾದಳು ಎಂದು ನಾನು ಒಮ್ಮೆ ಕೇಳಿದ್ದೆ. ಯಾರಿಗೂ ಗೊತ್ತಿರಲಿಲ್ಲ.

ನನ್ನದೂ ಒಂದು ರ‍್ಯಾಂಕಿಂಗ್ ಇತ್ತು. ಮಗಳು ಅರ್ಜಿ ಹಾಕಿದ್ದ ಊರುಗಳಿಂದ ನೈರೋಬಿಗೆ ಎಷ್ಟು ಬೇಗ ಬಂದು ಮುಟ್ಟಬಹುದು, ಅಷ್ಟೇ ಅದರ ಲೆಕ್ಕ. ಇಲ್ಲಿಂದ ನ್ಯೂಯಾರ್ಕಿಗೆ ನೇರ ವಿಮಾನ ಇದೆ. ಹತ್ತಿ ಕೂತರೆ ಇಳಿಯುವುದೇ. ಆ ಊರಿನಲ್ಲಿದ್ದ 'ಇಪ್ಪತ್ತೆಂಟು' ನನ್ನ ಪಟ್ಟಿಯಲ್ಲಿ ಒಂದನೆಯದು. ನನ್ನ ಗಂಡ ಪ್ರಾಣ ಇಟ್ಟುಕೊಂಡಿದ್ದ 'ಆರು' ಇದ್ದದ್ದು ಒಳನಾಡಿನಲ್ಲೆಲ್ಲೋ. ಒಂದು ವಿಮಾನ ಇಳಿದು ಇನ್ನೊಂದು ಹತ್ತಬೇಕು, ಅದರಿಂದ ಇಳಿದ ಮೇಲೆ ಹೊಲಗಳ ನಡುವೆ ಬಸ್ಸಿನಲ್ಲಿ ಹೋಗಬೇಕು. ಅದು ನನ್ನ ಪಟ್ಟಿಯ ಕಟ್ಟಕಡೆಯದು. ಅವರು ಆರು ಎಂದಾಗಲೆಲ್ಲ ನಾನು "ಎರಡು ಫ್ಲೈಟು, ಒಂದು ಬಸ್ಸು" ಎನ್ನುತ್ತಿದ್ದೆ. ಮೊದಮೊದಲು ತಮಾಷೆಗೆ ಎನ್ನುತ್ತಿದ್ದೆ. ಬರಬರುತ್ತಾ ಅದು ತಮಾಷೆಯಾಗಿ ಉಳಿಯಲಿಲ್ಲ. ಈ ಮನುಷ್ಯನಿಗೆ ಏನಾದರೂ ಆದರೆ ನಾನೊಬ್ಬಳೇ ಇರುತ್ತೇನೆ ಎಂಬ ಭಯ ನನಗಿತ್ತು. ಅದನ್ನು ಬಾಯಿ ಬಿಟ್ಟು ಹೇಳಲಾಗದೆ ಬಸ್ಸಿನ ಮೇಲೆ ಹಾಕುತ್ತಿದ್ದೆ.

ಯುಗಾದಿಯ ಹಿಂದುಮುಂದಿನಲ್ಲಿ ಫಲಿತಾಂಶಗಳು ಬಂದವು. ಒಂದು ಬೆಳಿಗ್ಗೆ ಮಗಳು ಹಾಸಿಗೆಯಿಂದ ಎದ್ದು ಬಂದು, ಹಲ್ಲುಜ್ಜದೆ, ಎರಡು ಕಡೆ ಸಿಕ್ಕಿದೆ ಎಂದಳು. ಆರು ಮತ್ತು ಇಪ್ಪತ್ತೆಂಟು. ಎರಡೂ ಕಡೆ ಓದಿನ ಖರ್ಚನ್ನು ಅವರೇ ನೋಡಿಕೊಳ್ಳುತ್ತಿದ್ದರು, ಆ ತಲೆನೋವು ನಮಗಿರಲಿಲ್ಲ. ನನ್ನ ಗಂಡ ಕಾಫಿ ಲೋಟ ಕೆಳಗಿಟ್ಟು ಅತ್ತುಬಿಟ್ಟರು. ಮದುವೆಯಾದಾಗಿನಿಂದ ನಾನು ಅವರನ್ನು ಹಾಗೆ ನೋಡಿರಲಿಲ್ಲ. ಸಂತೋಷಪಡುವುದೋ ಹೆದರುವುದೋ ತಿಳಿಯದೆ ಒಲೆಯ ಮುಂದೆ ಹೋಗಿ ನಿಂತೆ.

ಆ ಭಾನುವಾರ ಕನ್ನಡದವರ ಯುಗಾದಿ ಊಟ. ಇಲ್ಲಿ ನಾವು ಕನ್ನಡದವರು ಸೇರುವುದು ವರ್ಷಕ್ಕೆ ನಾಲ್ಕಾರು ಸಲ. ಸೇರಿದಾಗ ಗಂಡಸರು ವರ್ಕ್ ಪರ್ಮಿಟ್ಟಿನ ಮಾತಾಡುತ್ತಾರೆ, ಹೆಂಗಸರು ಮಕ್ಕಳ ಮಾತಾಡುತ್ತಾರೆ, ಆಮೇಲೆ ಗಂಡಸರೂ ಬಂದು ಮಕ್ಕಳ ಮಾತಿಗೇ ಸೇರುತ್ತಾರೆ. ನಮ್ಮಲ್ಲೊಬ್ಬಳಿದ್ದಾಳೆ, ಗಂಡನಿಗೆ ಗಿಗಿರಿ ಬಡಾವಣೆಯ ಅಂತಾರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಕೆಲಸ, ಮಗ ಆಗಲೇ 'ಎರಡ'ರಲ್ಲಿ ಓದುತ್ತಿದ್ದ. ಕೆಟ್ಟವಳಲ್ಲ. ನನ್ನ ಗಂಡ ಆಸ್ಪತ್ರೆ ಸೇರಿದಾಗ ವಾರಗಟ್ಟಲೆ ಉಪ್ಪಿಲ್ಲದ ಸಾರು ಮಾಡಿ ಕಳಿಸಿದವಳು. ಆದರೆ ಅವಳಿಗೆ ಯಾವುದನ್ನೇ ಹೇಳಿ, ಅದು ಏಣಿಯ ಎಷ್ಟನೇ ಮೆಟ್ಟಿಲು ಎಂದು ತಿಳಿಯುವವರೆಗೂ ಸಮಾಧಾನವಿಲ್ಲ. ನನ್ನ ಗಂಡ ಸುದ್ದಿ ಹೇಳಿದಾಗ ಅವಳು ಒಬ್ಬಟ್ಟಿನ ಮೇಲೆ ತುಪ್ಪ ಹಾಕುತ್ತಾ, "ಆರಾ? ಒಳ್ಳೇದೇ ಬಿಡಿ. ಟಾಪ್ ಟೆನ್ ಅಲ್ವಾ" ಎಂದಳು. ಆ 'ಬಿಡಿ' ನನಗೆ ನಾಟಿತು. ನನ್ನ ಗಂಡನಿಗೆ ಟಾಪ್ ಟೆನ್ ಎಂಬುದಷ್ಟೇ ಕೇಳಿಸಿತು. ಊದಿಕೊಂಡ ಅವರ ಮುಖ ಅರಳಿತು.

ಮನೆಗೆ ಬಂದ ಮೇಲೆ ಮಗಳು ಮಾತು ತೆಗೆದಳು. ಅವಳಿಗೆ ಕಲ್ಲು, ಮಣ್ಣು, ಜ್ವಾಲಾಮುಖಿ ಎಂದರೆ ಪ್ರಾಣ. ಶಾಲೆಯವರು ರಿಫ್ಟ್ ಕಣಿವೆಗೆ ಕರೆದುಕೊಂಡು ಹೋದಾಗಿನಿಂದ ಮನೆಯ ಕಿಟಕಿಗಳ ಮೇಲೆಲ್ಲ ಕಲ್ಲುಗಳೇ. ಆ ವಿಷಯದಲ್ಲಿ ಇಪ್ಪತ್ತೆಂಟೇ ಆರಕ್ಕಿಂತ ಮೇಲಿದೆ, ನೀವೇ ನೋಡಿ ಎಂದು ಅಪ್ಪನಿಗೆ ಅವರದೇ ಅಸ್ತ್ರ ತೋರಿಸಿದಳು. ಬೇಡವೆಂದರೆ ಇನ್ನೂ ಒಂದು ದಾರಿ ಇದೆ, ಆರರವರಿಗೆ ಕೇಳಿಕೊಂಡರೆ ಒಂದು ವರ್ಷ ಸೀಟು ಇಟ್ಟುಕೊಂಡಿರುತ್ತಾರೆ, ನಾನು ಈ ವರ್ಷ ಇಲ್ಲೇ ಇರುತ್ತೇನೆ ಎಂದಳು. ಯಾಕೆ ಇರುತ್ತೇನೆ ಎಂದು ಅವಳು ಹೇಳಲಿಲ್ಲ.

"ಸಬ್ಜೆಕ್ಟ್ ಯಾರು ಕೇಳ್ತಾರೆ ಪುಟ್ಟಿ? ಎಲ್ಲರೂ ಕೇಳೋದು ಯೂನಿವರ್ಸಿಟಿ ಯಾವ್ದು ಅಂತ" ಎಂದರು ಇವರು.

"ಅಪ್ಪ, ಒನ್ ಇಯರ್. ದೇ ವಿಲ್ ಹೋಲ್ಡ್ ಇಟ್."

"ಬಾಯಿಮಾತಿಗೆ ಹೇಳ್ತಾರೆ ಅಷ್ಟೆ. ಬಿಟ್ಟ ಸೀಟು ಯಾವತ್ತಾದ್ರೂ ವಾಪಸ್ ಸಿಕ್ಕಿದ್ದುಂಟಾ? ನೀನು ಈ ಕಡೆ ತಿರುಗೋದ್ರೊಳಗೆ ಇನ್ಯಾರೋ ಹೊಡ್ಕೊಂಡು ಹೋಗಿರ್ತಾರೆ."

ಅವಳು ಆ ಯೂನಿವರ್ಸಿಟಿಯವರದೇ ಮಾತನ್ನು ಲ್ಯಾಪ್‌ಟಾಪಿನಲ್ಲಿ ತೆಗೆದು ತೋರಿಸಿದಳು. ಕಾಯಿಲೆಯಂಥ ಕಾರಣ ಇದ್ದರೆ ಒಂದು ವರ್ಷ ತಡವಾಗಿ ಸೇರಬಹುದು ಎಂದು ಸ್ಪಷ್ಟವಾಗಿ ಬರೆದಿತ್ತು. ಇವರು ಕನ್ನಡಕ ಹಾಕಿಕೊಂಡು ಓದಿದರು, ನಂಬಲಿಲ್ಲ. ಇಂಗ್ಲಿಷ್ ಬಾರದ ಮನುಷ್ಯರಲ್ಲ, ಕಾನೂನು ತಿಳಿಯದವರಲ್ಲ. ಆದರೆ ಅವರ ಕಣ್ಣ ಮುಂದೆ ಇದ್ದದ್ದು ಆ ಲ್ಯಾಪ್‌ಟಾಪ್ ಅಲ್ಲ, ಸೀಟುಗಳು ಸೊನ್ನೆಯಾಗುತ್ತಿದ್ದ ಬೆಂಗಳೂರಿನ ಆ ಪರದೆ. ನನಗೆ ತಡೆಯಲಾಗಲಿಲ್ಲ.

"ರೀ, ಅವಳು ನಿಮ್ಮ ಜೊತೆ ಇರ್ತೀನಿ ಅಂತಿದಾಳೆ. ನಿಮಗೆ ಅದು ಅರ್ಥ ಆಗ್ತಿಲ್ವಾ?" ಎಂದೆ.

"ಅರ್ಥ ಆಗತ್ತೆ. ಅದಕ್ಕೇ ಬೇಡ ಅನ್ನೋದು."

"ಏನಾದ್ರೂ ಆದ್ರೆ ಎರಡು ಫ್ಲೈಟು, ಒಂದು ಬಸ್ಸು ರೀ!"

ಅವರು ಮಗಳ ಕಡೆ ತಿರುಗಿದರು. ಎಡಗೈ ತೋಳಿನಲ್ಲಿ, ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ್ದ ನರವನ್ನು ಬಲಗೈಯಿಂದ ನೇವರಿಸಿಕೊಳ್ಳುತ್ತಾ, "ನನ್ನ ರಿಪೋರ್ಟಲ್ಲಿ ಇರೋ ನಂಬರು ಒಂದೂ ಚೆನ್ನಾಗಿಲ್ಲ ಪುಟ್ಟಿ. ಇದೊಂದಾದ್ರೂ ಚೆನ್ನಾಗಿರ್ಲಿ" ಎಂದರು.

ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. "ಓಕೆ ಅಪ್ಪ. ಸಿಕ್ಸ್" ಎಂದಳು. ಅಷ್ಟೇ. ಮುಂದೆ ಆ ವಿಷಯದಲ್ಲಿ ಜಗಳವಾಗಲಿಲ್ಲ. ನನ್ನ ಜೀವನದಲ್ಲಿ ನಾನು ಗೆಲ್ಲಲೇಬೇಕಾಗಿದ್ದ ಜಗಳ ಅದೊಂದೇ ಇತ್ತು, ಅದನ್ನು ಅವರು ಒಂದೇ ಮಾತಿನಲ್ಲಿ ಗೆದ್ದುಬಿಟ್ಟರು. ಅಂಥ ಮಾತಿಗೆ ಯಾರು ತಾನೇ ಎದುರಾಡುತ್ತಾರೆ?

ನೈರೋಬಿಯಲ್ಲಿ ಜುಲೈ, ಆಗಸ್ಟ್ ಎಂದರೆ ಬಿಸಿಲೇ ಇಲ್ಲದ ತಿಂಗಳುಗಳು. ಬೆಳಗಾದರೆ ಬೂದಿ ಬಣ್ಣ, ಸಂಜೆಯಾದರೂ ಅದೇ ಬೂದಿ. ಒಣಹಾಕಿದ ಬಟ್ಟೆ ಒಣಗುವುದಿಲ್ಲ. ಆ ಬೂದಿಯಲ್ಲೇ ಮಗಳನ್ನು ಕಳಿಸಿದೆವು. ಇವರು ಏರ್‌ಪೋರ್ಟಿಗೆ ಬರಬಾರದಿತ್ತು, ಬಂದರು. ಆರರ ಹೆಸರು ಬರೆದ ಸ್ವೆಟರು ಹಾಕಿಕೊಂಡು ಬಂದರು. ಮಗಳು ಅಪ್ಪನಿಗೆಂದು ಮೊದಲೇ ತರಿಸಿಕೊಟ್ಟಿದ್ದು. ಇಳಿದುಹೋದ ಅವರ ಭುಜಗಳ ಮೇಲೆ ಅದು ಹ್ಯಾಂಗರಿಗೆ ತೂಗುಹಾಕಿದ ಹಾಗೆ ನೇತಾಡುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಅದರ ಮೇಲಿನ ಹೆಸರು ಓದಿ, "ಹೋ! ಬಿಗ್ ಸ್ಕೂಲ್, ಬಾಬಾ" ಎಂದ. "ಅಸಾಂಟೆ, ಅಸಾಂಟೆ" ಎಂದು ಇವರು ಎದೆಯ ಮೇಲೆ ಕೈಯಿಟ್ಟು ಅವನ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಿದರು, ಹಾರ ಹಾಕಿಸಿಕೊಂಡವರಂತೆ. ಮಗಳು ಒಳಗೆ ಹೋಗುವಾಗ ತಿರುಗಿ ತಿರುಗಿ ನೋಡಿದಳು. ನಾನು ಹೋಗು ಹೋಗು ಎಂದು ಕೈ ಬೀಸಿದೆ, ಬಾ ಎಂದು ಕೂಗಬೇಕೆನಿಸುತ್ತಿತ್ತು.

ಅವಳು ಹೋದ ಸ್ವಲ್ಪ ದಿನಕ್ಕೆ ಹೊಸ ವರ್ಷದ ರ‍್ಯಾಂಕಿಂಗ್ ಬಂತು. ಆರು, ನಾಲ್ಕಾಗಿತ್ತು. ಡಯಾಲಿಸಿಸ್ ಕುರ್ಚಿಯಲ್ಲಿದ್ದವರು ನನ್ನನ್ನು ಕೂಗಿ ಕರೆದ ರೀತಿಗೆ ನರ್ಸ್ ಕೂಡ ಗಾಬರಿಯಿಂದ ಓಡಿಬಂದಳು. "ನೋಡೇ, ನನ್ನ ಮಗಳು ಕಾಲಿಟ್ಟಿದ್ದೇ ತಡ, ಎರಡು ಮೆಟ್ಟಿಲು ಮೇಲೆ ಹತ್ತಿಬಿಡ್ತು!" ಅವತ್ತು ಪಕ್ಕದ ಕುರ್ಚಿಯವರಿಗೆ, ನರ್ಸಿಗೆ, ನೆಲ ಒರೆಸಲು ಬಂದವಳಿಗೆ, ಎಲ್ಲರಿಗೂ ಅದನ್ನು ತೋರಿಸಿದರು. ಎಲ್ಲರೂ ಒಳ್ಳೆಯ ಮಾತಾಡಿದರು. ಅವರ ಆ ಖುಷಿಯನ್ನು ನಾನು ಸುಳ್ಳೆನ್ನಲಾರೆ. ಮಗಳು ಹೋದ ಮೇಲೆ ಅವರು ನಕ್ಕಿದ್ದು ಆಗಲೇ.

ಮಗಳು ಡಿಸೆಂಬರ್ ರಜೆಗೆ ಬರುವವಳಿದ್ದಳು. ಅಲ್ಲಿಯವರೆಗೆ ಕಾಯಲು ಅವರ ಹೃದಯ ಒಪ್ಪಲಿಲ್ಲ. ನವೆಂಬರಿನ ಮಳೆ ಶುರುವಾಗಿತ್ತು. ಒಂದು ದಿನ ಡಯಾಲಿಸಿಸ್ ನಡೆಯುತ್ತಿದ್ದಾಗಲೇ ಉಸಿರು ಕಟ್ಟಿತು, ಐಸಿಯುಗೆ ಸಾಗಿಸಿದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಮಗಳನ್ನು ಕರೆಸಿಕೊಳ್ಳಿ ಎಂದರು. ನರ್ಸು "ಪೋಲೆ, ಮಾಮಾ" ಎಂದು ನನ್ನ ಬೆನ್ನು ಸವರಿದಳು. 'ಪೋಲೆ' ದುಃಖದಲ್ಲಿರುವವರಿಗೆ ಇಲ್ಲಿಯವರು ಹೇಳುವ ಮಾತು, 'ಮಾಮಾ' ಎಂದರೆ ಅಮ್ಮ. ಮಗಳಿಗೆ ಫೋನು ಮಾಡಿದೆ. "ಐ ಆಮ್ ಲೀವಿಂಗ್ ನೌ, ಅಮ್ಮ" ಎಂದಳು. ಆಮೇಲೆ ಬಸ್ ಸ್ಟಾಪಿನಿಂದ ಒಂದು ಮೆಸೇಜು ಬಂತು. ಅಲ್ಲಿ ಹಿಮ ಬೀಳುತ್ತಿತ್ತು, ಬಸ್ಸು ಇನ್ನೂ ಬಂದಿರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಅವರಿಗೆ ಎಚ್ಚರವಾಯಿತು. ಕಿಟಕಿಯ ಹೊರಗೆ ಅಪ್ಪರ್ ಹಿಲ್‌ನ ಗಾಜಿನ ಕಟ್ಟಡಗಳು ಮಳೆಯಲ್ಲಿ ಮಸುಕಾಗಿದ್ದವು. ನಾನು ಅವರ ಬಲಗೈ ಹಿಡಿದುಕೊಂಡು ಕೂತಿದ್ದೆ. ಆ ಕೈಯಲ್ಲಿ ಫೋನು ಇಲ್ಲದ್ದು ವಿಚಿತ್ರವಾಗಿ ಕಾಣುತ್ತಿತ್ತು. ಆಕ್ಸಿಜನ್ ಮಾಸ್ಕಿನ ಒಳಗಿಂದ ಏನೋ ಅಂದರು. ಬಗ್ಗಿದೆ.

"ಲೇ, ಅವಳಿಗೆ ಬರೋಕೆ ಎಷ್ಟು ಹೊತ್ತಾಗತ್ತೆ?"

ಒಂದು ವರ್ಷ ನಾನು ಈ ಪ್ರಶ್ನೆಗೆ ಉತ್ತರವನ್ನು ಹೊತ್ತುಹೊತ್ತಿಗೂ ಅವರ ಮುಖಕ್ಕೆ ಎಸೆದಿದ್ದೆ. ಕಾಫಿಯ ಜೊತೆ, ಊಟದ ಜೊತೆ, ರೌಂಡ್‌ಅಬೌಟ್‌ನಲ್ಲಿ, ಎಲ್ಲೆಂದರಲ್ಲಿ. ಅವರು ಯಾವತ್ತೂ ಕೇಳಿರಲಿಲ್ಲ. ಮೊದಲ ಸಲ ಅವರಾಗಿಯೇ ನನ್ನ ಪಟ್ಟಿಯ ಕಡೆ ತಿರುಗಿದ್ದರು. ಆಗ ನನ್ನ ಬಾಯಿಂದ ಬಂದದ್ದೇ ಬೇರೆ.

"ಒಂದೇ ಫ್ಲೈಟು ರೀ. ಹತ್ತಿ ಕೂತ್ರೆ ಇಳಿಯೋದೇ. ಬಂದ್ಬಿಡ್ತಾಳೆ."

ಅವರು ನನ್ನನ್ನೇ ನೋಡಿದರು. ಆ ಯೂನಿವರ್ಸಿಟಿಯ ಗ್ರಂಥಾಲಯದಲ್ಲಿ ಎಷ್ಟು ಮಹಡಿ ಎಂಬುದೂ ಅವರಿಗೆ ಗೊತ್ತಿತ್ತು. ಹತ್ತಿರದ ಏರ್‌ಪೋರ್ಟ್ ಯಾವುದು, ಅಲ್ಲಿಂದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಕ್ಷೆ ತೆಗೆದು ಮಗಳಿಗೆ ತೋರಿಸಿಕೊಟ್ಟಿದ್ದವರೇ ಅವರು. ನಾನು ಹೇಳುತ್ತಿರುವುದು ಸುಳ್ಳೆಂದು ಈ ಲೋಕದಲ್ಲಿ ಅವರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ.

"ಹೌದಾ," ಎಂದರು. "ಹಾಗಾದ್ರೆ ಸರಿ ಬಿಡು. ಹತ್ರಾನೇ ಇದಾಳೆ."

ಆಮೇಲೆ ಕಣ್ಣು ಮುಚ್ಚಿಕೊಂಡರು. ಸಂಜೆ ಹೋಗಿಬಿಟ್ಟರು. ಆಗ ಮಗಳು ಎರಡು ವಿಮಾನಗಳ ನಡುವೆ, ಯಾವುದೋ ಏರ್‌ಪೋರ್ಟಿನಲ್ಲಿ, ಹಿಮ ನಿಲ್ಲುವುದನ್ನು ಕಾಯುತ್ತಾ ಕೂತಿದ್ದಳು. ಫೋನಿನಲ್ಲಿ ಹೇಳಬಾರದೆಂದುಕೊಂಡೆ. ಆದರೆ ನನ್ನ ಹಲೋ ಕೇಳಿಯೇ ಅವಳಿಗೆ ತಿಳಿಯಿತು.

ಅವಳು ಬರುವವರೆಗೆ ಅವರನ್ನು ಶವಾಗಾರದಲ್ಲಿ ಇರಿಸಿದೆವು. ಬಂದವಳು ಸ್ನಾನ ಮಾಡಿ ನೇರವಾಗಿ ಸ್ಮಶಾನಕ್ಕೆ ಹೊರಟಳು. ಗಂಡು ದಿಕ್ಕಿಲ್ಲ, ಯಾರಾದರೂ ದಾಯಾದಿಗಳನ್ನು ಊರಿನಿಂದ ಕರೆಸೋಣವೇ ಎಂದು ಹಿರಿಯರೊಬ್ಬರು ಕೇಳಿದ್ದರು. ಅವಳೇ ಮಾಡುತ್ತಾಳೆ ಎಂದು ನಾನು ಹೇಳಿದ ದನಿಗೆ ಅವರು ಮತ್ತೆ ಕೇಳಲಿಲ್ಲ. ಮಳೆಗೆ ಕಟ್ಟಿಗೆ ತೇವವಾಗಿತ್ತು, ಹೊಗೆಯೇ ಹೆಚ್ಚು. ಅವಳು ಕೊಳ್ಳಿಯಿಟ್ಟು ಹಿಂದೆ ಸರಿದು ನನ್ನ ಪಕ್ಕ ನಿಂತಳು. ಅವಳ ಬೂಟಿನ ಅಂಚಿನಲ್ಲಿ, ಹಿಮ ಕರಗಲೆಂದು ಆ ಊರಿನ ರಸ್ತೆಗೆ ಹಾಕುವ ಉಪ್ಪಿನ ಬಿಳಿ ಗೆರೆ ಹಾಗೇ ಇತ್ತು. ನನಗೆ ಅಳು ಬಂದದ್ದು ಅದನ್ನು ನೋಡಿ.

ಹದಿಮೂರನೇ ದಿನ ವೈಕುಂಠ ಸಮಾರಾಧನೆ. ಯುಗಾದಿಗೆ ಸೇರಿದ್ದ ಅದೇ ಜನ, ಹೆಚ್ಚುಕಡಿಮೆ ಅದೇ ಎಲೆಸಾಲು. ಮಗಳು ಸೀರೆಯುಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಡಿಸುತ್ತಿದ್ದಳು. ಗಿಗಿರಿಯವಳ ಎಲೆಯ ಮುಂದೆ ಅವಳು ಬಗ್ಗಿದಾಗ, ಆಕೆ ತಲೆಯೆತ್ತಿ ಅವಳ ಕೆನ್ನೆ ಮುಟ್ಟಿದಳು. ಆಕೆಯ ಕಣ್ಣಲ್ಲಿ ನೀರಿತ್ತು. ಏನಾದರೂ ಮಾತಾಡಬೇಕಿತ್ತು, ರೂಢಿಯಾದದ್ದೇ ಬಾಯಿಗೆ ಬಂತು.

"ನಿಮ್ಮಪ್ಪ ಎಷ್ಟು ಹೆಮ್ಮೆಯಿಂದ ಹೇಳ್ಕೊಳ್ತಿದ್ರು ಪುಟ್ಟಾ. ಈಗ ಎಷ್ಟನೇದು ನಿಮ್ಮ ಯೂನಿವರ್ಸಿಟಿ? ನಾಲ್ಕಾ, ಐದಾ?"

ನಾನು ಎದುರಿನ ಸಾಲಿನಲ್ಲಿ ನೀರು ಹಾಕುತ್ತಿದ್ದೆ. ಮಗಳು ಇಂಗ್ಲಿಷಿನಲ್ಲಿ ಏನೋ ಒಂದು ಹೇಳಿ ಮುಂದೆ ಹೋಗುತ್ತಾಳೆ ಎಂದುಕೊಂಡೆ.

"ಎರಡು ಫ್ಲೈಟು, ಒಂದು ಬಸ್ಸು, ಆಂಟಿ" ಎಂದಳು ಕನ್ನಡದಲ್ಲಿ. ಆಕೆಯ ಎಲೆಗೆ ಇನ್ನೊಂದು ವಡೆ ಹಾಕಿ ಮುಂದಿನ ಎಲೆಗೆ ಹೋದಳು.